ಕೋಡಿನ ಗಂಡು, ಕೋಡಿಲ್ಲದ ಹೆಣ್ಣು: ನಗರ ಹೋಬಳಿಯ ಸಗಣಿ ಹುಳದ ಪ್ರಕರಣ

ಈ ಬರಹದಲ್ಲಿ ಹುಳದ ಹೆಸರು ಬರುವುದಿಲ್ಲ. ಹೆಸರು ಗೊತ್ತುಮಾಡಿ ಆಗಿದೆ, ಹಸ್ತಪ್ರತಿ ಪತ್ರಿಕೆಯವರ ಕೈಯಲ್ಲಿದೆ. ಆದರೆ ವಿವರಣೆ ಪ್ರಕಟವಾಗುವ ಮೊದಲೇ ಹೆಸರನ್ನು ಅಲ್ಲಿ ಇಲ್ಲಿ ಹರಿಯಬಿಟ್ಟರೆ ಅದಕ್ಕೆ ನೋಮೆನ್ ನೂಡಮ್ ಅನ್ನುತ್ತಾರೆ, ಅಂದರೆ ಬರಿಮೈ ಹೆಸರು. ನಾಮಕರಣದ ನಿಯಮದ ಮುಂದೆ ಅದಕ್ಕೆ ಬೆಲೆಯಿಲ್ಲ, ಮುಂದೆ ಬರುವವರಿಗೆ ಗೊಂದಲ ಮಾತ್ರ ಗಟ್ಟಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಕೆಲಸವನ್ನು ನಾನು ಇದೇ ಪ್ರಕರಣದಲ್ಲಿ ಒಂದು ಸಲ ಮಾಡಿ ಮುಖಭಂಗ ಅನುಭವಿಸಿದ್ದೇನೆ. ಅದು ಆಮೇಲೆ.

ಪಠ್ಯಪುಸ್ತಕದ ಕನ್ನಡದಲ್ಲಿ ಇಂಥ ಹುಳಕ್ಕೆ ಜೀರುಂಡೆ ಅನ್ನುತ್ತಾರೆ. ನಮ್ಮ ಮಲೆನಾಡಿನಲ್ಲಿ ಜೀರುಂಡೆ ಅಂದರೆ ಮರದ ಮೇಲೆ ಕೂತು ಕಿವಿ ಕಿತ್ತುಹೋಗುವಂತೆ ಕಿರುಚುವುದು, ಅದು ಬೇರೆಯೇ ಕೀಟ. ದುಂಬಿ ಅಂದರೆ ತೊಲೆ ಕೊರೆಯುವ ಕಪ್ಪು ಜೇನಿನ ನೆನಪಾಗುತ್ತದೆ. ಆದ್ದರಿಂದ ಇಲ್ಲಿ ಸಗಣಿ ಹುಳ ಅಂತಲೇ ಬರೆಯುತ್ತೇನೆ.

ನಾನು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಪ್ರತಿ ವರ್ಷ ಮಕ್ಕಳಿಗೆ ಕೀಟ ಸಂಗ್ರಹದ ಪೆಟ್ಟಿಗೆ ಮಾಡಲು ಹೇಳುತ್ತೇವೆ. ಬರುವುದು ಗೊತ್ತಿದ್ದದ್ದೇ: ನಾಲ್ಕು ಚಿಟ್ಟೆ, ತೆಂಗಿನ ಕುರುವಾಯಿ ಹುಳ ಒಂದು, ಅಡಿಕೆ ತೋಟದ ಬೇರು ಹುಳದ ಅಪ್ಪ ಅಮ್ಮ, ಕಾಲು ಮುರಿದ ಮಿಡತೆ. ಮೂರು ವರ್ಷದ ಹಿಂದಿನ ಜೂನ್‌ನಲ್ಲಿ ಹೊಸನಗರ ತಾಲ್ಲೂಕಿನ ನಗರ ಹೋಬಳಿಯ ಹುಡುಗಿಯೊಬ್ಬಳು ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ಸ್ಪಿರಿಟ್ ಹಾಕಿ ಮೂರು ಹುಳ ತಂದಳು. ಐದಾರು ಮಿಲಿಮೀಟರ್ ಉದ್ದ, ಕಪ್ಪು, ತಲೆಯ ಮೇಲೆ ಮಾತ್ರ ತಿಕ್ಕಿದ ಹಿತ್ತಾಳೆಯ ಮಿಂಚು. ಒಂದರ ತಲೆಯ ಹಿಂಬದಿಯಲ್ಲಿ ಎರಡು ಕೋಡು, ಎತ್ತಿನ ಕೋಡಿನಂತೆ ಒಳಕ್ಕೆ ಬಾಗಿದ್ದವು.

"ಸರ್, ಕೊಟ್ಟಿಗೆ ಹಿಂದೆ ಸಿಕ್ಕಿದ್ದು. ದರಗು ಗುಡಿಸುವಾಗ ಅಮ್ಮ ತೋರಿಸಿದ್ರು."

ಬಾಟಲಿಯೊಳಗೆ ಒಂದು ಚೀಟಿಯೂ ಇತ್ತು. ಜೆಲ್ ಪೆನ್ನಿನಲ್ಲಿ ಬರೆದದ್ದು, ಸ್ಪಿರಿಟ್‌ನಲ್ಲಿ ಶಾಯಿ ಪೂರ್ತಿ ಕರಗಿ ಹೋಗಿ ತಿಳಿ ನೀಲಿ ಕಾಗದ ಉಳಿದಿತ್ತು. ಪೆನ್ಸಿಲ್‌ನಲ್ಲಿ ಬರೆಯಬೇಕು, ಇಲ್ಲವೇ ಇಂಡಿಯನ್ ಇಂಕ್‌ನಲ್ಲಿ ಅಂತ ಪಾಠ ಮಾಡುವವನು ನಾನು, ಆ ವರ್ಷ ಹೇಳಲು ಮರೆತವನೂ ನಾನೇ. ಎಲ್ಲಿ, ಯಾವ ದಿನ, ಯಾರ ಕೈಗೆ ಸಿಕ್ಕಿದ್ದು ಅನ್ನುವುದು ಜೊತೆಯಲ್ಲಿ ಇಲ್ಲದ ಹುಳ ನೋಡಲು ಚೆಂದ, ಸಾಕ್ಷಿಗೆ ಬರುವುದಿಲ್ಲ. ಆ ಮೂರನ್ನೂ ಬದಿಗಿಟ್ಟು ಮೊದಲಿನಿಂದ ಹಿಡಿಯಬೇಕಾಯಿತು.

ಕುಲ ಯಾವುದು ಅನ್ನುವುದು ಸುಲಭ. ಮೇಲ್ರೆಕ್ಕೆಗಳ ಬುಡದಲ್ಲಿ ಇರಬೇಕಾದ ಸಣ್ಣ ತ್ರಿಕೋನ ಮೇಲಿಂದ ಕಾಣುವುದಿಲ್ಲ, ಮುಂಗಾಲು ಹಾರೆಯಂತೆ ಅಗಲ, ಹಲ್ಲು ಹಲ್ಲು. ಆಂಥೊಫೇಗಸ್. ಫ್ರಾನ್ಸಿನ ಲಾತ್ರೇಯ್ 1802ರಲ್ಲಿ ಕಟ್ಟಿದ ಕುಲ. ಅಲ್ಲಿಂದ ಮುಂದಿನದು ಕಷ್ಟ, ಯಾಕೆಂದರೆ ಈ ಒಂದು ಕುಲದಲ್ಲೇ 2000ಕ್ಕೂ ಹೆಚ್ಚು ಪ್ರಭೇದಗಳಿವೆ. ಇಡೀ ಪ್ರಾಣಿಲೋಕದಲ್ಲಿ ಇಷ್ಟು ದೊಡ್ಡ ಕುಲಗಳು ಬೆರಳೆಣಿಕೆ.

ಅಕ್ಟೋಬರ್‌ನಲ್ಲಿ, ಮಳೆಯ ಅಬ್ಬರ ಇಳಿದ ಮೇಲೆ, ಅವರ ಮನೆಯ ಹಕ್ಕಲಿನಲ್ಲಿ, ಅಂದರೆ ದನ ಮೇಯುವ ಕುರುಚಲು ಜಾಗದಲ್ಲಿ, ಬಲೆ ಇಟ್ಟೆವು. ಬಲೆ ಅಂದರೆ ನೆಲಕ್ಕೆ ಸಮ ಹೂತ ಪ್ಲಾಸ್ಟಿಕ್ ಲೋಟ, ತಳದಲ್ಲಿ ಸೋಪಿನ ನೀರು, ಮೇಲೆ ಕಡ್ಡಿಗೆ ತೂಗಿಬಿಟ್ಟ ಸಗಣಿಯ ಪೊಟ್ಟಣ. ವಾಸನೆಗೆ ಬಂದ ಹುಳ ಲೋಟಕ್ಕೆ ಬೀಳುತ್ತದೆ. ಹುಲಿಕಲ್ ಘಾಟಿಯ ಈ ಕಡೆ ಮಳೆ ಇಳಿಯಿತು ಅಂದುಕೊಂಡ ದಿನವೇ ಒಂದು ಹದ ಸುರಿಯುತ್ತದೆ. ಮೊದಲ ರಾತ್ರಿ ಲೋಟಗಳೆಲ್ಲ ತುಂಬಿ ಹುಳ ತೇಲಿಹೋದವು. ಮರುದಿನ ಹುಡುಗಿಯ ಅಮ್ಮ ಏನೂ ಹೇಳದೆ ಅಡಿಕೆ ಹಾಳೆ ತಂದು ಪ್ರತಿ ಲೋಟದ ಮೇಲೂ ಮಾಡಿನಂತೆ ಬಗ್ಗಿಸಿ ಊರಿದರು. ಪುಸ್ತಕದಲ್ಲಿ ಹೇಳುವ ಪ್ಲಾಸ್ಟಿಕ್ ತಟ್ಟೆಗಿಂತ ಇದು ಎಷ್ಟೋ ಮೇಲು, ಗಾಳಿಗೆ ಹಾರುವುದಿಲ್ಲ. ಮನುಷ್ಯರ ಮಲಕ್ಕೆ ಈ ಹುಳಗಳು ದನದ ಸಗಣಿಗಿಂತ ಹೆಚ್ಚು ಮುಗಿಬೀಳುತ್ತವೆ ಅನ್ನುವುದನ್ನು ಆ ಮನೆಯಲ್ಲಿ ಬಾಯಿಬಿಟ್ಟು ಹೇಳಲು ನನಗೆ ಧೈರ್ಯ ಬರಲಿಲ್ಲ.

ಆಚೆ ಇರುವ ಕಾನಿನೊಳಗೂ ಇಡಬೇಕಿತ್ತು. ಅದು ಅರಣ್ಯದ ಜಾಗ, ಇಲಾಖೆಯ ಒಪ್ಪಿಗೆ ಪತ್ರ ಕೈಗೆ ಬಂದ ಮೇಲೆಯೇ ಕಾಲಿಟ್ಟೆವು. ಕಾನಿನ ಬಲೆಗಳಲ್ಲಿ ಬೇರೆ ಹುಳ ಬಂದವು, ನಮ್ಮದು ಬರಲಿಲ್ಲ. ಅದು ಸಿಕ್ಕಿದ್ದು ಹಕ್ಕಲಿನಲ್ಲಿ, ದನ ಮೇಯುವ ಅಂಚಿನಲ್ಲಿ, ಒಟ್ಟು ಇಪ್ಪತ್ತಾರು.

ಮಲೆನಾಡಿನಲ್ಲಿ ಹುಳ ಹಿಡಿಯುವುದಕ್ಕಿಂತ ಕೆಡದಂತೆ ಇಡುವುದು ದೊಡ್ಡ ಕೆಲಸ. ತ್ರಿಕೋನ ರಟ್ಟಿನ ತುದಿಗೆ ಅಂಟಿಸಿ ಪಿನ್ನಿಗೆ ಏರಿಸಿದ ಹುಳಕ್ಕೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಳಗೆ ಸಣ್ಣ ಬಲ್ಬ್ ಹಾಕಿ ಬೆಚ್ಚಗಿಟ್ಟೆವು. ಆದರೂ ಎರಡನ್ನು ಬೂಷ್ಟಿಗೆ ಕೊಟ್ಟೆವು.

ಈಗ ಕುಲಾವಿಯ ಕಥೆ. ಇಪ್ಪತ್ತನಾಲ್ಕು ಹುಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಸಾಲಾಗಿ ಇಟ್ಟಾಗ ನನಗೆ ಎರಡು ಗುಂಪು ಕಂಡವು. ದೊಡ್ಡವಕ್ಕೆ ಬಾಗಿದ ಕೋಡು. ಸಣ್ಣವಕ್ಕೆ ಕೋಡಿಲ್ಲ, ತಲೆಯ ಮೇಲೆ ಒಂದು ಏರು, ಅದರ ಎರಡು ತುದಿಯಲ್ಲಿ ಸಾಸಿವೆ ಕಾಳಿನ ಕಾಲು ಭಾಗದಷ್ಟು ಉಬ್ಬು. ಎದೆಯ ಮೇಲಿನ ಗುಮ್ಮಟವೂ ಎರಡರಲ್ಲಿ ಬೇರೆ ಬೇರೆ. ಎರಡು ಹೊಸ ಪ್ರಭೇದ ಅಂತ ತೀರ್ಮಾನಿಸಿ, ಎರಡಕ್ಕೂ ಹೆಸರು ಕೊಟ್ಟು, ಫೋಟೊ ಸಹಿತ ಬೆಂಗಳೂರಿನ ಹಿರಿಯ ಕೀಟಶಾಸ್ತ್ರಜ್ಞರೊಬ್ಬರಿಗೆ ಕಳಿಸಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಳ್ಳಲ್ಲ. ಅವರ ಉತ್ತರ ಒಂದೇ ಸಾಲು: "ಸಣ್ಣವನ್ನು ಮಗುಚಿ ಹಾಕಿ ಹೊಟ್ಟೆ ನೋಡಿದ್ರಾ?"

ನೋಡಿರಲಿಲ್ಲ. ಈ ಕುಲದ ಗಂಡಿನ ಹೊಟ್ಟೆಯ ಕೊನೆಯ ಪಟ್ಟಿ ನಡುವಿನಲ್ಲಿ ಒತ್ತಿದಂತೆ ಕಿರಿದಾಗಿರುತ್ತದೆ, ಹೆಣ್ಣಿನದು ಉದ್ದಕ್ಕೂ ಅಗಲ. ಮಗುಚಿದೆ. ಸಣ್ಣವುಗಳಲ್ಲಿ ನಾಲ್ಕು ಬಿಟ್ಟು ಉಳಿದವೆಲ್ಲ ಗಂಡು.

ಆಂಥೊಫೇಗಸ್‌ನಲ್ಲಿ ಇದು ಹೊಸ ಸಂಗತಿ ಏನಲ್ಲ, ನಾನು ಓದಿಯೂ ಮರೆತದ್ದು. ತಾಯಿ ಸಗಣಿಯ ಕೆಳಗೆ ಸುರಂಗ ತೋಡಿ, ಸಗಣಿಯನ್ನು ಉಂಡೆ ಮಾಡಿ ಒಳಗೆ ತುಂಬಿ, ಉಂಡೆಗೊಂದು ಮೊಟ್ಟೆ ಇಡುತ್ತದೆ. ಮರಿಗೆ ಬೆಳೆದು ಮುಗಿಯುವವರೆಗೆ ಸಿಗುವ ಊಟ ಅಷ್ಟೇ. ಬುತ್ತಿ ದೊಡ್ಡದಿದ್ದ ಗಂಡು ಒಂದು ಅಳತೆ ದಾಟಿ ಬೆಳೆದು ಕೋಡು ಪಡೆಯುತ್ತದೆ, ಬುತ್ತಿ ಸಣ್ಣದಾದರೆ ಕೋಡಿಲ್ಲದೆ ಉಳಿಯುತ್ತದೆ. ಕೋಡಿನವ ಸುರಂಗದ ಬಾಯಲ್ಲಿ ಕಾವಲು ನಿಂತು ಗುದ್ದಾಡುತ್ತಾನೆ. ಕೋಡಿಲ್ಲದವ ಪಕ್ಕದಲ್ಲಿ ಇನ್ನೊಂದು ಬಿಲ ತೋಡಿ ಕಳ್ಳದಾರಿಯಲ್ಲಿ ಹೆಣ್ಣಿನ ಬಳಿ ಹೋಗುತ್ತಾನೆ. ಒಂದೇ ಪ್ರಭೇದ, ಎರಡು ವೇಷ. ನನ್ನ ಎರಡು ಹೆಸರುಗಳಲ್ಲಿ ಒಂದು ಅವತ್ತೇ ಸತ್ತಿತು.

ಆದರೂ ಊಹೆ ಸಾಲದು, ಒಂದೇ ಪ್ರಭೇದ ಅಂತ ತೋರಿಸಬೇಕು. ಒಣಗಿದ ಹುಳವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಇನ್ಸುಲಿನ್ ಸೂಜಿಯ ತುದಿ ಬಗ್ಗಿಸಿ ಮಾಡಿದ ಕೊಕ್ಕೆಯಿಂದ ಹೊಟ್ಟೆಯ ಹಿಂಬಾಗಿಲ ಮೂಲಕ ಜನನಾಂಗವನ್ನು ಹೊರಗೆ ಎಳೆಯಬೇಕು. ಎಳೆದದ್ದನ್ನು ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಬೆಚ್ಚಗೆ ಇಟ್ಟರೆ ಮಾಂಸ ಕರಗಿ ಗಟ್ಟಿ ಭಾಗ ಮಾತ್ರ ಉಳಿಯುತ್ತದೆ. ಬಿಟ್ಟುಬಿಟ್ಟರೆ ಅದೂ ಮೆತ್ತಗಾಗಿ ಕೈಬಿಡುತ್ತದೆ. ಮೊದಲನೆಯದನ್ನು ಹುಡುಗಿ ಫೋನ್‌ನಲ್ಲಿ ಮಾತಾಡುತ್ತಾ ಇದ್ದ ನನ್ನ ಕೈಯಿಂದ ಕಸಿದುಕೊಂಡು ತಾನೇ ಮಾಡಿದಳು, ಅವಳ ಕೈ ನನ್ನದಕ್ಕಿಂತ ಸ್ಥಿರ. ಗ್ಲಿಸರಿನ್ ಹನಿಯಲ್ಲಿ ತೇಲಿಬಿಟ್ಟು ನೋಡಿದೆವು. ತುದಿಯ ಎರಡು ಚಿಪ್ಪುಗಳು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಅಲಗಿನಂತೆ ಒಳಕ್ಕೆ ಬಾಗಿ, ಹೊರಗಡೆ ಒಂದು ಸಣ್ಣ ಮೂಲೆ. ಒಳಚೀಲದಲ್ಲಿ ಒಂದು ಗಟ್ಟಿ ಕಂದು ತುಣುಕು, ಅರ್ಧ ಮುರಿದ ಗಾಳದಂತೆ. ಕೋಡಿನವನದ್ದು ಮತ್ತು ಕೋಡಿಲ್ಲದವನದ್ದು ಒಂದರ ಮೇಲೊಂದು ಚಿತ್ರ ಬರೆದರೆ ಗೆರೆ ಗೆರೆ ಕೂಡಿತು. ಒಂದೊಂದು ಕಾಲು ಕಿತ್ತು ಡಿಎನ್‌ಎ ಬಾರ್‌ಕೋಡ್‌ಗೆ ಕಳಿಸಿದ್ದೂ ಇದನ್ನೇ ಹೇಳಿತು. ಮೈಟೊಕಾಂಡ್ರಿಯದ ಒಂದು ಜೀನಿನ 658 ಅಕ್ಷರಗಳ ತುಂಡು ಅದು; ಉಪಯೋಗ ಇದೆ, ಆದರೆ ಆ ಮೂಲೆಯನ್ನು ಕಣ್ಣಾರೆ ನೋಡಿದ ಮೇಲೆ ನನಗೆ ಅದು ಹೆಚ್ಚುವರಿ ಸಾಕ್ಷಿ ಅನ್ನಿಸಿತು.

ಒಂದೇ ಪ್ರಭೇದ, ಸರಿ. ಹೊಸದೋ ಹಳೆಯದೋ?

ಈ ಪ್ರಶ್ನೆಗೆ ಉತ್ತರ ಕಾಡಿನಲ್ಲಿ ಸಿಗುವುದಿಲ್ಲ. ಭಾರತದ ಸಗಣಿ ಹುಳಗಳಿಗೆ ಇವತ್ತಿಗೂ ಮೊದಲು ತೆರೆಯುವ ಪುಸ್ತಕ 1931ರದ್ದು, ಬ್ರಿಟಿಷ್ ಮ್ಯೂಸಿಯಂನ ಗಿಲ್ಬರ್ಟ್ ಆರೋ ಬ್ರಿಟಿಷ್ ಇಂಡಿಯಾದ ಪ್ರಾಣಿ ಮಾಲಿಕೆಗೆ ಬರೆದ ಸಂಪುಟ. ಆಮೇಲೆ ಬಾಲ್ತಸಾರ್ 1963-64ರಲ್ಲಿ ಮೂರು ಸಂಪುಟ ತಂದರು, ಜರ್ಮನ್ ಭಾಷೆಯಲ್ಲಿ. ಫೋನ್ ಕ್ಯಾಮೆರಾ ಹಿಡಿದು ಅನುವಾದ ಮಾಡಿಸುತ್ತಾ ಅದರ ಪುಟಗಳನ್ನು ಓದಿದ್ದೇವೆ. ಎದೆಗವಚದ ಚುಕ್ಕೆಗಳು, ಅಂದರೆ ಸೂಜಿಮೊನೆಯಷ್ಟು ಗುಳಿಗಳು, ಒಂದು ಕಡೆ ಸಿಡುಬಿನ ಕಲೆ ಆದವು, ಇನ್ನೊಂದು ಕಡೆ ಪೂರ್ಣವಿರಾಮ ಆದವು. ಹಳೆಯ ಪುಸ್ತಕಗಳ ಸ್ಥಳನಾಮವೂ ಒಂದು ತಲೆನೋವು. ಕೆನರಾ ಅಂತ ಒಂದೇ ಪದ ಇರುತ್ತದೆ. ಕಾರವಾರದಲ್ಲಿದ್ದ ಅರಣ್ಯಾಧಿಕಾರಿ ಟಿ. ಆರ್. ಬೆಲ್ ಅವರಂಥವರು ಉತ್ತರ ಕನ್ನಡದಲ್ಲಿ ಹಿಡಿದು ಕಳಿಸಿದ ಹುಳಗಳ ಚೀಟಿಯಲ್ಲಿ ಇರುವುದು ಅದು. ಸಮುದ್ರದಂಡೆಯೋ ಘಟ್ಟದ ತಲೆಯೋ ಅದರಿಂದ ಹೊಳೆಯುವುದಿಲ್ಲ. ಜೆಲ್ ಪೆನ್ನಿನ ಚೀಟಿ ನೆನಪಾಗಿ ನಾನು ಯಾರನ್ನೂ ಬೈಯಲಿಲ್ಲ.

ಇಂಥ ಪುಸ್ತಕಗಳಲ್ಲಿ ಗುರುತಿನ ಕೀ ಇರುತ್ತದೆ. ಹೆಜ್ಜೆಗೆ ಎರಡು ದಾರಿ: ಕೂದಲಿದೆಯೇ ಇಲ್ಲವೇ, ಚುಕ್ಕೆ ಒತ್ತೊತ್ತೇ ದೂರ ದೂರವೇ. ನಡೆಯುತ್ತಾ ಹೋಗಿ ಒಂದು ಹಳೆಯ ಪ್ರಭೇದದ ಬಾಗಿಲಿಗೆ ಬಂದು ನಿಂತೆವು. ನಮ್ಮದಕ್ಕೆ ಬಹಳ ಹತ್ತಿರ. ಕಷ್ಟ ಏನೆಂದರೆ ಅದನ್ನು ವಿವರಿಸಿದ್ದು ಒಂದೇ ಒಂದು ಹೆಣ್ಣನ್ನು ನೋಡಿ. ಅದರ ಗಂಡು ಯಾರಿಗೂ ಗೊತ್ತಿಲ್ಲ. ಅಂದರೆ ನಾವು ಕಷ್ಟಪಟ್ಟು ಬಿಡಿಸಿದ ಜನನಾಂಗ, ಬಾಗಿದ ಕೋಡು, ಎರಡು ವೇಷ, ಇವ್ಯಾವುದನ್ನೂ ಹೋಲಿಸಲು ಆಚೆ ಕಡೆ ಏನೂ ಇಲ್ಲ. ಇಡೀ ವ್ಯಾಜ್ಯ ನಾನು ಕಣ್ಣೆತ್ತಿಯೂ ನೋಡಿರದ ಆ ನಾಲ್ಕು ಹೆಣ್ಣುಗಳ ಮೇಲೆ ಬಂದು ಕೂತಿತು.

ಆ ಹಳೆಯ ಮಾದರಿ ಇರುವ ಹೊರದೇಶದ ಸಂಗ್ರಹಾಲಯಕ್ಕೆ ಮೇಲ್ ಬರೆದೆ. ಮೇಲಿಂದ, ಪಕ್ಕದಿಂದ, ಎದೆಗವಚ ಹತ್ತಿರದಿಂದ, ಚೀಟಿಗಳ ಸಹಿತ ಫೋಟೊ ಬಂದವು. ಆ ಹೆಣ್ಣಿನ ಎದೆಗವಚದ ಪ್ರತಿ ಚುಕ್ಕೆಯ ಮುಂದೆ ಒಂದು ಹರಳಿನಂಥ ಉಬ್ಬು, ಚುಕ್ಕೆಯೊಳಗಿಂದ ಎದ್ದ ಒಂದು ಗಿಡ್ಡ ಕೂದಲು. ನಮ್ಮ ಹೆಣ್ಣುಗಳಲ್ಲಿ ಚುಕ್ಕೆ ಬರೀ ಚುಕ್ಕೆ, ನುಣುಪು. ಬೇರೆ ಪ್ರಭೇದ ಅಂತ ಬರೆದು ಹಸ್ತಪ್ರತಿ ಕಳಿಸಿದೆವು.

ಅದರ ಜೊತೆಗೆ ಆಗಬೇಕಾದ ಕಾಗದಪತ್ರವನ್ನು ಬೇಗ ಹೇಳಿಬಿಡುತ್ತೇನೆ. 2000ದ ಜನವರಿ 1ರಿಂದ ಜಾರಿಯಲ್ಲಿರುವ ನಾಲ್ಕನೇ ಆವೃತ್ತಿಯ ಅಂತಾರಾಷ್ಟ್ರೀಯ ಪ್ರಾಣಿ ನಾಮಕರಣ ನಿಯಮಾವಳಿಯ ಪ್ರಕಾರ ಹೊಸದು ಅಂತ ಸ್ಪಷ್ಟವಾಗಿ ಬರೆಯಬೇಕು, ಒಂದು ಹುಳವನ್ನು ಹೊಲೊಟೈಪ್, ಅಂದರೆ ಆ ಹೆಸರಿಗೆ ಆಧಾರವಾಗುವ ಮಾದರಿ, ಅಂತ ಗೊತ್ತುಮಾಡಬೇಕು, ಅದು ಯಾವ ಸಂಗ್ರಹದಲ್ಲಿ ಇರುತ್ತದೆ ಅಂತ ತಿಳಿಸಬೇಕು. ಆನ್‌ಲೈನ್ ಪತ್ರಿಕೆಯಾದರೆ ಪ್ರಾಣಿ ಹೆಸರುಗಳ ಅಧಿಕೃತ ದಾಖಲೆಪಟ್ಟಿಯಾದ ಝೂಬ್ಯಾಂಕ್‌ನಲ್ಲಿ ನೋಂದಣಿ ಇಲ್ಲದೆ ಪ್ರಕಟಣೆ ಊರ್ಜಿತವಾಗುವುದಿಲ್ಲ. ನಮ್ಮ 2002ರ ಜೈವಿಕ ವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ನೂ ಹೊಸ ಜೀವಿ ಕಂಡವರು ನಿಗದಿಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿ ಒಪ್ಪಿಸಬೇಕು ಅನ್ನುತ್ತದೆ. ಪ್ರಾಣಿಗಳ ಮಟ್ಟಿಗೆ ಅಂಥ ಭಂಡಾರಗಳಲ್ಲಿ ಹಿರಿದು 1916ರಲ್ಲಿ ಶುರುವಾದ, ಕೋಲ್ಕತ್ತದ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣಾಲಯ. ಹುಳವನ್ನು ನಮ್ಮ ಕಾಲೇಜಿನ ಗಾಜಿನ ಬೀರುವಿನಲ್ಲೇ ಇಡಬಹುದಿತ್ತಲ್ಲ ಅಂತ ಕೆಲವರು ಬೇಸರಪಟ್ಟರು. ನಮ್ಮ ಬೀರುವಿನ ಬೂಷ್ಟು ಅವರಿಗೆ ಗೊತ್ತಿಲ್ಲ.

ಹೆಸರಿನ ಚರ್ಚೆ ಮಾತ್ರ ಖುಷಿಯದ್ದು. ಊರ ಹೆಸರು ಬೇಡ ಅಂದೆ, ಹುಳ ಬರೀ ಆ ಊರಿನದ್ದೇ ಇರಲಾರದು. ದೇವರ ಹೆಸರು ಅಂತ ಯಾರೋ ಅಂದರು, ಸಗಣಿ ಹುಳಕ್ಕೆ ಅದು ಯಾಕೆ ಬೇಕು ಅಂತ ಅಲ್ಲೇ ಬಿಟ್ಟೆವು. ಲ್ಯಾಟಿನ್ ಗುಣವಾಚಕ ಹಾಕಿದರೆ ಕುಲದ ಲಿಂಗಕ್ಕೆ ಹೊಂದಿಸಿ ಬಾಲ ಬದಲಿಸಬೇಕು. ಕನ್ನಡದ ನಾಮಪದವೊಂದನ್ನು ಇದ್ದ ಹಾಗೇ ಇಟ್ಟರೆ ಆ ರಗಳೆ ಇಲ್ಲ. ಇದಕ್ಕೆ ಒಳ್ಳೆಯ ಮೇಲ್ಪಂಕ್ತಿ ಪಕ್ಕದ ಶರಾವತಿ ಕಣಿವೆಯಲ್ಲೇ ಇದೆ: ಮೊಟ್ಟೆಗಳಿಗೆ ಮಣ್ಣು ಮೆತ್ತುವ ಕಪ್ಪೆಗೆ 2014ರಲ್ಲಿ ನಿಕ್ಟಿಬ್ಯಾಟ್ರಕಸ್ ಕುಂಬಾರ ಅಂತ ಹೆಸರಿಟ್ಟರು. ನಮ್ಮದೂ ಒಂದು ಕನ್ನಡ ನಾಮಪದವೇ. ಹುಡುಗಿಯ ಅಜ್ಜಿಗೆ ಇದೆಲ್ಲ ವಿಚಿತ್ರ. "ಎಂತ ಮೇಷ್ಟ್ರೇ, ಕೂಸಿಗೆ ಹನ್ನೆರಡನೇ ದಿನಕ್ಕೆ ಹೆಸರಿಡ್ತೇವೆ. ಒಂದು ಸಗಣಿ ಹುಳಕ್ಕೆ ಇಷ್ಟು ವರ್ಷವಾ?"

ಪರಿಶೀಲಕರ ಟಿಪ್ಪಣಿ ಬಂತು. ಹನ್ನೊಂದು ಸಣ್ಣ ತಿದ್ದುಪಡಿ, ಹನ್ನೆರಡನೆಯದು ಮಾತ್ರ ಮರ್ಮಕ್ಕೆ ತಾಗಿತು. ನಿಮ್ಮ ನಾಲ್ಕು ಹೆಣ್ಣುಗಳ ಮುಂಗಾಲಿನ ಹಲ್ಲುಗಳು ಮೊಂಡಾಗಿರುವುದು ಚಿತ್ರದಲ್ಲೇ ಕಾಣುತ್ತದೆ. ಇವು ಮಳೆಗಾಲವಿಡೀ ಮಣ್ಣು ತೋಡಿದ ಹಳೆಯ ಹೆಣ್ಣುಗಳು. ಎದೆಯ ಕೂದಲು ಮಣ್ಣಿಗೆ ಉಜ್ಜಿ ಉದುರಿಲ್ಲ ಅನ್ನುವುದಕ್ಕೆ ಏನು ಆಧಾರ?

ಆಧಾರ ಇರಲಿಲ್ಲ. ಹರಳು ಉಬ್ಬು ಅಷ್ಟು ಸುಲಭಕ್ಕೆ ಸವೆಯಲಾರದು ಅಂತ ವಾದ ಮಾಡಬಹುದಿತ್ತು, ಒಂದು ಕರಡು ಬರೆದೂ ನೋಡಿದೆ. ಓದಿದರೆ ನನಗೇ ಜಗ್ಗಾಟ ಅನ್ನಿಸಿತು. ಹೊಸದಾಗಿ ಹೊರಬಂದ, ಇನ್ನೂ ಮಣ್ಣು ಮುಟ್ಟದ ಹೆಣ್ಣು ಬೇಕು. ಬಲೆಗೆ ಬೀಳುವುದು ಆಗಲೇ ದುಡಿಮೆಗೆ ಇಳಿದ ಹುಳ.

ದಾರಿ ತೋರಿಸಿದ್ದು ಹುಡುಗಿಯ ಅಮ್ಮ. ನಾವು ಹಸ್ತಪ್ರತಿಯ ಚಿಂತೆಯಲ್ಲಿದ್ದಾಗ ಅವರು ಕೇಳಿದ್ದು ಇಷ್ಟೇ, "ಸಾಕಿದ್ರೆ ಆಗೂದಿಲ್ವಾ ಮೇಷ್ಟ್ರೇ?"

ಈ ವರ್ಷದ ಜೂನ್‌ನ ಮೊದಲ ಮಳೆಗೆ ಹಕ್ಕಲಿನಿಂದ ಜೀವಂತ ಹಿಡಿದು, ಮಗುಚಿ ಹೊಟ್ಟೆ ನೋಡಿ, ಒಂದು ಹೆಣ್ಣು ಮತ್ತು ಕೋಡಿನ ಒಂದು ಗಂಡನ್ನು ಅವರ ಮನೆಯ ಬಕೆಟ್ಟಿಗೆ ಬಿಟ್ಟೆವು. ಮುಕ್ಕಾಲು ಬಕೆಟ್ ಜರಡಿ ಹಿಡಿದ ಮಣ್ಣು, ಒತ್ತಿ ತುಂಬಿದ್ದು. ಮೇಲೆ ಸಗಣಿ, ಬಾಯಿಗೆ ಸೊಳ್ಳೆ ಪರದೆಯ ಬಟ್ಟೆ. ಹತ್ತು ದಿನದ ಮೇಲೆ ದೊಡ್ಡವುಗಳನ್ನು ತೆಗೆದು, ಮಣ್ಣನ್ನು ಬೆರಳಲ್ಲಿ ಕೆದಕಿದರೆ ಅಂಗೈ ಆಳದಲ್ಲಿ ಉಂಡೆಗಳು ಸಿಕ್ಕವು, ಹೆಬ್ಬೆರಳ ಉಗುರಿನಷ್ಟು ಉದ್ದ, ಎರಡೂ ತುದಿ ಗುಂಡಗೆ. ಹದಿನಾಲ್ಕು ಇದ್ದವು. ಎಲ್ಲ ಒಂದೇ ಗಾತ್ರ ಅಲ್ಲ. ಸಗಣಿ ಒಣಗುತ್ತಾ ಬಂದ ಕೊನೆಯ ದಿನಗಳದ್ದು ಬಡಕಲು ಇರಬೇಕು. ಅವುಗಳನ್ನು ಮತ್ತೆ ತೇವದ ಮಣ್ಣಿನಲ್ಲಿ ಹೂತು ಕಾದೆವು. ಬಕೆಟ್ಟಿನ ಮಣ್ಣು ಒಣಗದ ಹಾಗೆ ದಿನಾ ಬೆಳಿಗ್ಗೆ ನೀರು ಚಿಮುಕಿಸಿದ್ದು ಅಜ್ಜಿ.

ಜುಲೈ ಕೊನೆಗೆ ಹುಡುಗಿಯ ಮೆಸೇಜ್ ಬಂತು, ಪರದೆಗೆ ಒಂದು ಹುಳ ಡಿಕ್ಕಿ ಹೊಡೆಯುತ್ತಿದೆ ಅಂತ. ವಾರದೊಳಗೆ ಒಂಬತ್ತು ಹೊರಬಂದವು, ಐದು ಉಂಡೆ ಕೊಳೆತವು. ಒಂಬತ್ತರಲ್ಲಿ ಎರಡು ಕೋಡಿನ ಗಂಡು, ನಾಲ್ಕು ಕೋಡಿಲ್ಲದ ಗಂಡು, ಮೂರು ಹೆಣ್ಣು. ಒಂದೇ ಬಕೆಟ್, ಒಂದೇ ತಾಯಿ. ನನ್ನ ಸತ್ತ ಹೆಸರಿಗೆ ಇದಕ್ಕಿಂತ ಚೆನ್ನಾದ ತಿಥಿ ಆಗುತ್ತಿರಲಿಲ್ಲ.

ಹೆಣ್ಣುಗಳನ್ನು ಮಣ್ಣು ಮುಟ್ಟಲು ಬಿಡದೆ ಸೂಕ್ಷ್ಮದರ್ಶಕಕ್ಕೆ ತಂದೆವು. ಮೈ ಇನ್ನೂ ಪೂರ್ತಿ ಕಪ್ಪಾಗಿರಲಿಲ್ಲ, ಬೆಲ್ಲದ ಪಾಕದ ಬಣ್ಣ. ಮುಂಗಾಲಿನ ನಾಲ್ಕು ಹಲ್ಲು ಗರಗಸದಷ್ಟು ಚೂಪು. ಮೇಲ್ರೆಕ್ಕೆಯ ಅಂಚಿನ ಎಳೆ ಕೂದಲು ಒಂದೂ ಬಿದ್ದಿಲ್ಲ. ಎದೆಗವಚದ ಮೇಲೆ ಬೆಳಕನ್ನು ಪಕ್ಕದಿಂದ ಬಿಟ್ಟು ಚುಕ್ಕೆ ಚುಕ್ಕೆ ನೋಡುತ್ತಾ ಹೋದೆ. ಕೂದಲಿಲ್ಲ, ಉಬ್ಬಿಲ್ಲ. ಹುಡುಗಿಗೆ ಕುರ್ಚಿ ಬಿಟ್ಟುಕೊಟ್ಟೆ. ಅವಳು ನನಗಿಂತ ಹೆಚ್ಚು ಹೊತ್ತು ನೋಡಿ, ಮೂರನ್ನೂ ನೋಡಿ, "ನುಣ್ಣಗಿದೆ ಸರ್" ಅಂದಳು. ಅವಳ ಹಿಂದೆ ನಿಂತಿದ್ದ ಅಮ್ಮನೂ ಬಗ್ಗಿ ನೋಡಿದರು. "ಇಷ್ಟಕ್ಕಾ?" ಅಂದರು.

ತಿದ್ದಿದ ಹಸ್ತಪ್ರತಿ ಹೋದ ತಿಂಗಳು ಹೋಗಿದೆ. ಹೊಲೊಟೈಪ್ ಕೋಡಿನ ಗಂಡೇ, ಹಕ್ಕಲಿನ ಬಲೆಗೆ ಬಿದ್ದವನು, ಕೆಂಪು ಚೀಟಿ ಸಹಿತ. ಹೆಣ್ಣುಗಳ ಚೀಟಿಯನ್ನು ಹುಡುಗಿ ಇಂಡಿಯನ್ ಇಂಕ್‌ನಲ್ಲಿ ಬರೆದಿದ್ದಾಳೆ. ಮೊನ್ನೆ ಅವರ ಮನೆಯಿಂದ ಫೋನ್ ಬಂದಾಗ ಪತ್ರಿಕೆಯವರ ಸುದ್ದಿ ಕೇಳುತ್ತಾರೆ ಅಂದುಕೊಂಡೆ. ಕೇಳಿದ್ದು ಬಕೆಟ್ಟನ್ನು. ಕೊನೆಕೊಯ್ಲು ಹತ್ತಿರ ಬಂತಂತೆ, ಅಡಿಕೆ ಬೇಯಿಸಿದ ಚೊಗರು ತುಂಬಿಸಲು ಬೇಕಂತೆ.